ಪೋರ್ಟಲಿನಲ್ಲಿ ಹಕ್ಕು, ಬಿಡಿಭಾಗ ಎಲ್ಲಿ?

ಕಡೂರು ತಾಲೂಕಿನ ಪಂಚನಹಳ್ಳಿಯಂತಹ ಊರಲ್ಲಿ ಮಿಕ್ಸಿಯ ಕಾರ್ಬನ್ ಬ್ರಷ್ ಸವೆದರೆ ಚಿಂತೆಯಿಲ್ಲ, ಯಾವ ಕಂಪೆನಿಯದ್ದಾದರೂ ಹೊಂದಿಸಬಹುದು. ಟಿವಿಯ ಪವರ್ ಸಪ್ಲೈ ಬೋರ್ಡು ಸುಟ್ಟರೆ ಹಾಗಲ್ಲ. ಆ ಮಾಡೆಲ್‌ನದ್ದೇ ಬೇಕು. ಅದಕ್ಕಾಗಿ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದರೆ ಬಸ್ ಛಾರ್ಜು, ಒಂದು ದಿನದ ದುಡಿಮೆ ಸೇರಿ ಬಿಡಿಭಾಗಕ್ಕಿಂತ ದಾರಿಯೇ ದುಬಾರಿ.

ಕೇಂದ್ರ ಸರಕಾರ 2022ರ ಡಿಸೆಂಬರ್ 24ರಂದು 'ರಿಪೇರಿಯ ಹಕ್ಕು' ಪೋರ್ಟಲ್ ಆರಂಭಿಸಿತು. ಕೈಪಿಡಿ, ವಾರಂಟಿ, ಸೇವಾಕೇಂದ್ರಗಳ ವಿವರ ಒಂದೆಡೆ ಸಿಗುವುದು ಒಳ್ಳೆಯದೇ. ಆದರೆ ಮಾಹಿತಿಯನ್ನೇ ಹಕ್ಕೆಂದು ಕರೆಯುವುದು ನಮಗೆ ಒಪ್ಪಿಗೆಯಿಲ್ಲ. ಬಿಡಿಭಾಗವನ್ನು ಇಷ್ಟು ವರ್ಷ ಮಾರಲೇಬೇಕೆಂಬ ಕಟ್ಟುಪಾಡು ಆ ಪೋರ್ಟಲಿನಿಂದ ಬರುವುದಿಲ್ಲ. ಯುರೋಪಿಯನ್ ಒಕ್ಕೂಟದ ನಿಯಮ 2021ರ ಮಾರ್ಚ್‌ನಿಂದ ಅದನ್ನೇ ಮಾಡಿದೆ. ಮಾಡೆಲ್‌ನ ಕೊನೆಯ ಟಿವಿ ಮಾರುಕಟ್ಟೆಗೆ ಬಂದ ನಂತರವೂ 7 ವರ್ಷ ಪವರ್ ಸಪ್ಲೈ, ಕೆಪಾಸಿಟರ್‌ಗಳು ವೃತ್ತಿಪರ ರಿಪೇರಿಗಾರರಿಗೆ ಸಿಗಬೇಕು.

ಪಾದರಕ್ಷೆಯನ್ನು ತಾವೇ ಹೊಲಿದುಕೊಳ್ಳುತ್ತಿದ್ದ ಪ್ರವಾದಿಯವರ(ಸ) ಸರಳತೆಯನ್ನು ಸಭೆಗಳಲ್ಲಿ ಕೊಂಡಾಡುವ ನಾವೂ ಹಳೆಯ ಟಿವಿಯನ್ನು ಗುಜರಿಗೆ ಹಾಕಿ, ಬಡ್ಡಿ ಅಡಗಿರುವ ಕಂತಿನಲ್ಲಿ ಹೊಸದನ್ನು ತರುತ್ತೇವೆ. ಎಲ್ಲವೂ ದುಂದಲ್ಲ, ಎಷ್ಟೋ ಸಲ ಅನಿವಾರ್ಯ.

ದುರಸ್ತಿ ಸೂಚ್ಯಂಕದ ಬಗ್ಗೆ 2025ರ ಮೇ ತಿಂಗಳಲ್ಲಿ ವರದಿ ಕೊಟ್ಟ ಸಮಿತಿಯೂ ಮೊದಲ ಹಂತಕ್ಕೆ ಆರಿಸಿದ್ದು ಮೊಬೈಲ್, ಟ್ಯಾಬ್ಲೆಟ್‌ಗಳನ್ನು. ಟಿವಿಯ ಸರದಿ ಇನ್ನೂ ಬಂದಿಲ್ಲ.