ಬೂದಿ ಸಿಮೆಂಟಿನ ಗುಣ ಮತ್ತು ನಮ್ಮ ಅವಸರ

ರಾಯಚೂರಿನ ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ 1985ರಿಂದ ಕಲ್ಲಿದ್ದಲು ಉರಿಯುತ್ತಿದೆ. ಅಂಥ ಸ್ಥಾವರಗಳ ಹಾರುಬೂದಿ, ತೋರಣಗಲ್ಲಿನಂಥ ಕಡೆ ಉಕ್ಕಿನ ಕುಲುಮೆಗಳು ಉಳಿಸುವ ಕಿಟ್ಟ (ಸ್ಲ್ಯಾಗ್) ಇಂದು ಸಿಮೆಂಟಿನ ಪಾಲಾಗುತ್ತಿವೆ. ಬೂದಿ ಬೆರೆತದ್ದು ಕಲಬೆರಕೆ ಎಂದು ಮನೆ ಕಟ್ಟಿಸುವ ಅನೇಕರು ಇನ್ನೂ ಅನುಮಾನಿಸುತ್ತಾರೆ. ಆ ಅನುಮಾನಕ್ಕೆ ಆಧಾರವಿಲ್ಲ.

ಸಿಮೆಂಟಿನ ತಿರುಳಾದ ಕ್ಲಿಂಕರ್‌ಗೆ ಸುಣ್ಣಕಲ್ಲನ್ನು ಸುಮಾರು 1450 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಡಬೇಕು. ಒಂದು ಟನ್ ಕ್ಲಿಂಕರ್ ಹೊರಬರುವಷ್ಟರಲ್ಲಿ 800 ಕಿಲೋಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಭಾರತೀಯ ಮಾನಕದ ಪ್ರಕಾರ ಪಿಪಿಸಿ ಎಂಬ ಬೂದಿ ಸಿಮೆಂಟಿನಲ್ಲಿ ಶೇ 35ರವರೆಗೆ ಹಾರುಬೂದಿ, ಸ್ಲ್ಯಾಗ್ ಸಿಮೆಂಟಿನಲ್ಲಿ ಶೇ 70ರವರೆಗೆ ಕಿಟ್ಟ ಇರಬಹುದು. ಅಷ್ಟು ಕ್ಲಿಂಕರ್ ಸುಡುವುದು ತಪ್ಪುತ್ತದೆ.

ಬಾಳಿಕೆಯಲ್ಲೂ ಬೂದಿ ಸಿಮೆಂಟು ಹಿಂದೆ ಬಿದ್ದಿಲ್ಲ. ಸಿಮೆಂಟು ನೀರು ಕುಡಿದಾಗ ಹುಟ್ಟುವ ಸುಣ್ಣ ಸಾಮಾನ್ಯ ಕಾಂಕ್ರೀಟಿನಲ್ಲಿ ಹಾಗೆಯೇ ಉಳಿಯುತ್ತದೆ. ಬೂದಿಯ ಸಿಲಿಕಾ ಆ ಸುಣ್ಣದೊಡನೆ ಸೇರಿ ಹೊಸ ಅಂಟಾಗಿ ಸೂಕ್ಷ್ಮ ರಂಧ್ರಗಳನ್ನು ಮುಚ್ಚುತ್ತದೆ. ಉಪ್ಪುಗಾಳಿಯ ಕಾರವಾರ, ಮಂಗಳೂರಿನಲ್ಲಿ ಕಬ್ಬಿಣಕ್ಕೆ ತುಕ್ಕು ತರುವ ಕ್ಲೋರೈಡ್ ಒಳನುಗ್ಗುವುದು ಕಷ್ಟವಾಗುತ್ತದೆ. ಶಾಖ ನಿಧಾನವಾಗಿ ಏಳುವುದರಿಂದ ದಪ್ಪ ಕಾಂಕ್ರೀಟ್ ಬಿರಿಯುವುದೂ ಕಡಿಮೆ. ಅಮೆರಿಕದ ಹಂಗ್ರಿ ಹಾರ್ಸ್ ಅಣೆಕಟ್ಟೆಗೆ 1950ರ ಆಸುಪಾಸಿನಲ್ಲೇ ಹಾರುಬೂದಿ ಬಳಸಿದ್ದರು.

ದೋಷವಿರುವುದು ನಮ್ಮ ಕಟ್ಟುವ ರೀತಿಯಲ್ಲಿ. ಬೂದಿಯ ಕೆಲಸ ನಿಧಾನ. ಅದಕ್ಕೆ ದಿನಗಳೂ ಬೇಕು, ತೇವವೂ ಬೇಕು. ಸಾಮಾನ್ಯ ಸಿಮೆಂಟಿಗೆ ಕನಿಷ್ಠ 7 ದಿನ ನೀರುಣಿಸಬೇಕೆನ್ನುವ ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456, ಬೂದಿ ಅಥವಾ ಕಿಟ್ಟ ಬೆರೆತಾಗ ಅದನ್ನು 14 ದಿನಕ್ಕೆ ಏರಿಸಲು ಶಿಫಾರಸು ಮಾಡುತ್ತದೆ. ಎಷ್ಟೋ ಕಡೆ ಮೂರು ನಾಲ್ಕು ದಿನಕ್ಕೇ ಕ್ಯೂರಿಂಗ್ ನಿಲ್ಲುತ್ತದೆ, ಸೆಂಟ್ರಿಂಗ್ ಬಿಚ್ಚುವ ಅವಸರ ಶುರುವಾಗುತ್ತದೆ. ಕಬ್ಬಿಣವನ್ನು ಕಾಯುವುದು ಕಾಂಕ್ರೀಟಿನ ಕ್ಷಾರ. ಬೂದಿ ಸುಣ್ಣವನ್ನು ಬಳಸಿಕೊಳ್ಳುವುದರಿಂದ ಆ ಕ್ಷಾರದ ಸಂಗ್ರಹ ಮೊದಲೇ ಕಡಿಮೆ. ಒಣಗಿದ ಮೇಲ್ಪದರವೂ ರಂಧ್ರಮಯವಾದರೆ ಗಾಳಿಯ ಇಂಗಾಲದ ಡೈಆಕ್ಸೈಡ್ ಒಳಗಿಳಿದು ಆ ಕ್ಷಾರವನ್ನು ಕುಂದಿಸಿ ತುಕ್ಕು ಬೇಗ ಹಿಡಿಯುತ್ತದೆ. ಹತ್ತಾರು ವರ್ಷ ಮೊದಲೇ ಒಡೆದು ಮತ್ತೆ ಕಟ್ಟುವ ಮನೆಯಿಂದ ಪರಿಸರಕ್ಕೆ ಯಾವ ಉಳಿತಾಯವೂ ಇಲ್ಲ.

ಆದ್ದರಿಂದ ಬೂದಿ ಸಿಮೆಂಟನ್ನು ಧೈರ್ಯವಾಗಿ ಕೊಳ್ಳಿ. ಆದರೆ ಕರಾರು ಪತ್ರದಲ್ಲಿ 14 ದಿನದ ಕ್ಯೂರಿಂಗನ್ನು ಬರೆಸಿ, ಅದರ ಕೂಲಿಯನ್ನು ಪ್ರತ್ಯೇಕವಾಗಿ ಕೊಡಿ, ದಿನವೂ ಹೋಗಿ ನೋಡಿ.