ದೇವಸ್ತುತಿಯೂ ದೇಶಸ್ತುತಿಯೂ

ಪ್ರತಿ ವರ್ಷವೂ ನವೆಂಬರ್ ತಿಂಗಳ ಎರಡನೆಯ ಭಾನುವಾರದಂದು ಇಂಗ್ಲೆಂಡಿನ ದೇವಾಲಯಗಳಲ್ಲಿ ಯುದ್ಧದಲ್ಲಿ ಮಡಿದವರ ಸ್ಮರಣಾರ್ಥವಾಗಿ ವಿಶೇಷ ಆರಾಧನೆ ನಡೆಯುತ್ತದೆ. ಅಲ್ಲಿ ಹಾಡುವ ಗೀತೆಗಳಲ್ಲಿ ಸೆಸಿಲ್ ಸ್ಪ್ರಿಂಗ್ ರೈಸ್ ಎಂಬ ರಾಯಭಾರಿಯು ರಚಿಸಿದ ಎರಡು ಪದ್ಯಗಳ ಗೀತೆಯೊಂದು ಬಹು ಪ್ರಸಿದ್ಧವಾದುದು. ಕಣ್ಣೀರಿಲ್ಲದೆ ಅದನ್ನು ಹಾಡಲಾರದ ಮುದುಕರು ಆ ನಾಡಿನಲ್ಲಿ ಅನೇಕರಿದ್ದಾರೆ. ಅದೇ ಗೀತೆಯನ್ನು 2004ರಲ್ಲಿ ಹಲ್ಮ್‌ನ ಬಿಷಪ್ ಸ್ಟೀಫನ್ ಲೋ ಅವರು ಧರ್ಮವಿರುದ್ಧವಾದುದೆಂದೂ ಆರಾಧನೆಯಲ್ಲಿ ಹಾಡತಕ್ಕದ್ದಲ್ಲವೆಂದೂ ಹೇಳಿದಾಗ ದೊಡ್ಡ ಕೋಲಾಹಲವೇ ಎದ್ದಿತು. ಇಂಥ ವಾದಗಳಲ್ಲಿ ಒಂದು ಪಕ್ಷದವರು ದೇಶದ್ರೋಹವೆಂದೂ ಇನ್ನೊಂದು ಪಕ್ಷದವರು ವಿಗ್ರಹಾರಾಧನೆಯೆಂದೂ ಕೂಗಾಡುವುದುಂಟು. ಗೀತೆಯನ್ನು ಗೀತೆಯಾಗಿ ಓದಿ ನೋಡುವುದು ಮಾತ್ರ ಅಪರೂಪ.

ಗೀತೆಯ ಚರಿತ್ರೆ ಸ್ವಾರಸ್ಯವಾಗಿದೆ. ಸ್ಪ್ರಿಂಗ್ ರೈಸನು ಸ್ಟಾಕ್‌ಹೋಮಿನಲ್ಲಿ ಅಧಿಕಾರದಲ್ಲಿದ್ದಾಗ ಬರೆದ ಮೊದಲ ಪಾಠದಲ್ಲಿ ಇಂಗ್ಲೆಂಡು ಆಯುಧಪಾಣಿಯಾದ ವೀರನಾರಿಯಂತೆ ಚಿತ್ರಿತವಾಗಿತ್ತು. ಯುದ್ಧದ ಲಕ್ಷಾಂತರ ಹೆಣಗಳನ್ನು ಲೋಕವು ಕಂಡ ಮೇಲೆ, 1918ರ ಜನವರಿಯಲ್ಲಿ, ವಾಷಿಂಗ್ಟನ್ನಿನ ಪದವಿಯನ್ನು ಬಿಟ್ಟು ಹೊರಡುವ ಕಾಲದಲ್ಲಿ ಅವನು ಮೊದಲ ಪದ್ಯವನ್ನು ತಿದ್ದಿದನು. ಖಡ್ಗವೂ ಶಿರಸ್ತ್ರಾಣವೂ ಹೋಗಿ ಬಲಿದಾನವು ಬಂದಿತು. ಮರುತಿಂಗಳೇ ಅವನು ತೀರಿಕೊಂಡನು. 1921ರಲ್ಲಿ ಗುಸ್ಟಾವ್ ಹೋಲ್ಸ್ಟನು ಗ್ರಹಗಳನ್ನು ಕುರಿತ ತನ್ನ ವಾದ್ಯಕೃತಿಯ ಗುರುಗ್ರಹದ ಭಾಗದಿಂದ ಒಂದು ಗಂಭೀರವಾದ ಸ್ವರಪಂಕ್ತಿಯನ್ನು ತೆಗೆದು ಈ ಮಾತುಗಳಿಗೆ ಹೊಂದಿಸಿದನು. ಗೀತೆಯ ಅರ್ಧ ಮಹಿಮೆ ಆ ರಾಗದ್ದೆಂದರೆ ತಪ್ಪಾಗಲಾರದು.

ಇನ್ನು ಮಾತುಗಳು. ಮೊದಲ ಪದ್ಯವು ತಾಯ್ನಾಡನ್ನು ಸಂಬೋಧಿಸಿ, ತನ್ನ ಪ್ರೇಮವನ್ನೆಲ್ಲ ಅದಕ್ಕೆ ಪ್ರತಿಜ್ಞಾಪೂರ್ವಕವಾಗಿ ಅರ್ಪಿಸುತ್ತದೆ. ಆ ಪ್ರೇಮವು ಪರಿಪೂರ್ಣವಾದುದು. ಅದು ಏನನ್ನೂ ಪ್ರಶ್ನಿಸುವುದಿಲ್ಲ. ತನಗೆ ಅತ್ಯಂತ ಪ್ರಿಯವಾದುದನ್ನು ವೇದಿಕೆಯ ಮೇಲಿಡಲು ಅದು ಹಿಂಜರಿಯುವುದಿಲ್ಲ. ಎರಡನೆಯ ಪದ್ಯವು ಬೇರೊಂದು ನಾಡಿನ ಮಾತನ್ನೆತ್ತುತ್ತದೆ. ಅದರ ಸೈನ್ಯವನ್ನು ಎಣಿಸಲಾಗದು, ಅದರ ಅರಸನು ಕಣ್ಣಿಗೆ ಕಾಣನು, ನಿಷ್ಠೆಯುಳ್ಳ ಹೃದಯವೇ ಅದರ ಕೋಟೆ. ಈ ಪದ್ಯವು ನಿಜವಾಗಿಯೂ ಸುಂದರವಾದುದು. ಸಂತ ಆಗಸ್ಟೀನನು ರೋಮಾಪುರಿಯು 410ರಲ್ಲಿ ಸೂರೆಯಾದ ಮೇಲೆ ಬರೆದ ‘ದೇವರ ನಗರ’ವೆಂಬ ಮಹಾಗ್ರಂಥದ ನೆರಳು ಇದರ ಮೇಲೆ ಬಿದ್ದಿದೆ.

ಆದರೆ ವಾಚಕರು ಒಂದು ವ್ಯಾಕರಣದ ವಿಷಯವನ್ನು ಗಮನಿಸಬೇಕು. ಗೀತೆಯಲ್ಲಿ ‘ನೀನು’ ಎಂದು ಕರೆಯಿಸಿಕೊಳ್ಳುವುದು ಇಹದ ದೇಶವೊಂದೇ. ಪರದ ನಾಡಿಗೆ ಪ್ರಥಮಪುರುಷದ ಮಾತು, ಎಂದೋ ಕೇಳಿದ ಸುದ್ದಿಯಂತೆ. ದೇವರಿಗಾದರೋ ಒಂದು ಸಂಬೋಧನೆಯೂ ಇಲ್ಲ. ದೇವರ ಎದುರಿನಲ್ಲಿ ನಿಂತ ಸಭೆಯು ದೇವರಿಗೆ ಬೆನ್ನು ತಿರುಗಿಸಿ ಬೇರೊಬ್ಬರೊಡನೆ ಮಾತನಾಡಿದಂತಾಗುತ್ತದೆ. ಅಲ್ಲದೆ ಎರಡು ಪದ್ಯಗಳನ್ನು ಕೂಡಿಸುವ ಶಬ್ದವು ‘ಮತ್ತು’ ಎಂಬುದು, ‘ಆದರೆ’ ಎಂಬುದಲ್ಲ. ಎರಡು ನಾಡುಗಳಿಗೂ ಎಂದಾದರೂ ವಿರೋಧ ಬರಬಹುದೆಂಬ ಶಂಕೆಯೇ ಕವಿಗೆ ಬಂದಂತಿಲ್ಲ. ಆಗಸ್ಟೀನನ ಗ್ರಂಥವೆಲ್ಲ ಆ ವಿರೋಧದ ಮೇಲೆಯೇ ನಿಂತಿದೆ. ಏನನ್ನೂ ಪ್ರಶ್ನಿಸದ ಪ್ರೇಮವು ಏಕದೇವನಿಗೆ ಸಲ್ಲತಕ್ಕದ್ದೆಂಬುದು ಕ್ರೈಸ್ತರ ಮೊದಲ ಆಜ್ಞೆಯ ತಾತ್ಪರ್ಯ. ಶರಣಸತಿ ಲಿಂಗಪತಿ ಎಂಬ ಭಾವವನ್ನು ಬಲ್ಲ ಕನ್ನಡಿಗರಿಗೆ ಅನನ್ಯಭಕ್ತಿಯಲ್ಲಿ ಎರಡನೆಯವರಿಗೆ ಪಾಲಿಲ್ಲವೆಂಬುದನ್ನು ವಿವರಿಸಿ ಹೇಳಬೇಕಾಗಿಲ್ಲ. ‘ವಂದೇ ಮಾತರಂ’ ಗೀತೆಯ ಮೊದಲೆರಡು ಚರಣಗಳನ್ನು ಮಾತ್ರ ಹಾಡಬೇಕೆಂದು 1937ರಲ್ಲಿ ಕಾಂಗ್ರೆಸ್ಸಿನ ಕಾರ್ಯಸಮಿತಿಯು ಗೊತ್ತುಮಾಡಿದಾಗ ಈ ದೇಶದಲ್ಲಿಯೂ ಎದ್ದ ಪ್ರಶ್ನೆ ಬಹುಮಟ್ಟಿಗೆ ಇದೇ.

ಹಾಗಾದರೆ ಸಂಬೋಧನೆಯು ದೇವರಿಗೆ ಇದ್ದುಬಿಟ್ಟರೆ ದೋಷವು ನೀಗಿತೇ? ಇಲ್ಲ. 1897ರಲ್ಲಿ ವಿಕ್ಟೋರಿಯಾ ರಾಣಿಯ ವಜ್ರಮಹೋತ್ಸವದ ಕಾಲದಲ್ಲಿ ಕಿಪ್ಲಿಂಗನು ಬರೆದ ‘ರಿಸೆಷನಲ್’ ಎಂಬ ಗೀತೆಯು ಆದ್ಯಂತವಾಗಿ ದೇವರನ್ನೇ ಕುರಿತದ್ದು. ಸಾಮ್ರಾಜ್ಯದ ಮದದಲ್ಲಿ ನಿನ್ನನ್ನು ಮರೆಯದಂತೆ ಮಾಡೆಂಬ ಅದರ ಪ್ರಾರ್ಥನೆಯಲ್ಲಿ ಪ್ರವಾದಿಗಳ ಗಾಂಭೀರ್ಯವಿದೆ. ಆದರೂ ನಡುವೆ ಒಂದೆಡೆಯಲ್ಲಿ ಧರ್ಮಶಾಸ್ತ್ರಕ್ಕೆ ಹೊರಗಾದ ಕೀಳು ಕುಲಗಳೆಂದು ಅನ್ಯರನ್ನು ಕುರಿತು ಬಂದಿರುವ ಮಾತು ಇಡೀ ಪ್ರಾರ್ಥನೆಯ ಹಾಲಿಗೆ ಹುಳಿ ಹಿಂಡಿದೆ. ವಿನಯದ ಪ್ರಾರ್ಥನೆಯಲ್ಲಿಯೂ ಗರ್ವವು ಹೀಗೆ ಒಳಹೊಕ್ಕು ಕುಳಿತಿರಬಲ್ಲದು.

ಬ್ಲೇಕನ ‘ಯೆರೂಸಲೇಮ್’ ಗೀತೆಯ ಕಥೆ ಇನ್ನೂ ವಿಚಿತ್ರವಾದುದು. ಅದರ ಮೊದಲ ಭಾಗವು ಸ್ತುತಿಯಲ್ಲ, ಪ್ರಶ್ನೆಗಳ ಸರಮಾಲೆ. ಇಂಗ್ಲೆಂಡಿನ ಕಪ್ಪು ಕಾರ್ಖಾನೆಗಳ ನಡುವೆ ದೈವವು ಎಂದಾದರೂ ಕಾಲಿಟ್ಟಿತ್ತೇ ಎಂಬ ಸಂಕಟ. 1916ರಲ್ಲಿ ಹ್ಯೂಬರ್ಟ್ ಪ್ಯಾರಿಯು ಯುದ್ಧೋತ್ಸಾಹವನ್ನು ಬೆಳೆಸುವ ಒಂದು ಸಂಘದ ಕೋರಿಕೆಯ ಮೇಲೆ ಅದಕ್ಕೆ ಸಂಗೀತ ರಚಿಸಿದನು. ಮರುವರ್ಷ ಆ ಸಂಘದ ಧೋರಣೆಗೆ ಬೇಸತ್ತು ತನ್ನ ಬೆಂಬಲವನ್ನು ಹಿಂತೆಗೆದುಕೊಂಡನು. ಆ ಬಳಿಕ ಗೀತೆಯು ಮತದಾನದ ಹಕ್ಕಿಗಾಗಿ ಹೋರಾಡುತ್ತಿದ್ದ ಸ್ತ್ರೀಯರದಾಯಿತು. ಇಂದು ಸಾವಿರಾರು ಜನ ಒಕ್ಕೊರಲಿನಿಂದ ಹಾಡುವಾಗ ಆ ಪ್ರಶ್ನಾರ್ಥಕ ಚಿಹ್ನೆಗಳನ್ನೆಲ್ಲ ರಾಗವು ನುಂಗಿಬಿಡುತ್ತದೆ. ಕವಿಯು ಕೇಳಿದ್ದನ್ನು ಜನರು ಘೋಷಿಸುತ್ತಾರೆ. ಇದು ಬ್ಲೇಕನ ತಪ್ಪಲ್ಲ.

ದೇಶಾಭಿಮಾನಿಗಳ ಪಕ್ಷದಲ್ಲಿ ಹೇಳತಕ್ಕ ಒಂದು ಬಲವಾದ ಮಾತುಂಟು. ಸತ್ಯವೇದದ ಕೀರ್ತನೆಗಳೇ ಒಂದು ಜನಾಂಗದ ಹಾಡುಗಳಲ್ಲವೇ? ಬಾಬೆಲಿನ ನದಿಗಳ ದಡದಲ್ಲಿ ಸೆರೆಯಾಳುಗಳು ಯೆರೂಸಲೇಮನ್ನು ನೆನೆದು ಅತ್ತ 137ನೆಯ ಕೀರ್ತನೆಗಿಂತ ತೀವ್ರವಾದ ದೇಶಪ್ರೇಮವು ಯಾವ ಸಾಹಿತ್ಯದಲ್ಲಿ ದೊರೆತೀತು? ದೊರೆಯದು, ನಿಜ. ಆದರೆ ಅದೇ ಕೀರ್ತನೆಯು ಶತ್ರುವಿನ ಹಸುಳೆಗಳನ್ನು ಬಂಡೆಗೆ ಅಪ್ಪಳಿಸುವವನನ್ನು ಧನ್ಯನೆಂದು ಕರೆದು ಮುಗಿಯುತ್ತದೆ. ಆ ಕೊನೆಯ ವಾಕ್ಯಗಳನ್ನು ಅನೇಕ ಸಭೆಗಳು ಆರಾಧನೆಯಲ್ಲಿ ಓದದೆ ಬಿಡುತ್ತವೆ. ಸೆರೆಯಾಳುಗಳಿಗೆ ಯೆರೆಮೀಯನು ಬರೆದ ಕಾಗದದಲ್ಲಾದರೋ ಆ ಬಾಬೆಲಿನ ಕ್ಷೇಮಕ್ಕಾಗಿಯೇ ಪ್ರಾರ್ಥಿಸಿರೆಂಬ ಆದೇಶವಿದೆ. ಇಸ್ರಾಯೇಲರನ್ನು ಐಗುಪ್ತದಿಂದ ಕರೆತಂದ ದೇವರೇ ಅವರ ಹಗೆಗಳಾದ ಫಿಲಿಷ್ಟಿಯರನ್ನೂ ಅವರ ಮೂಲನೆಲದಿಂದ ಕರೆತಂದನೆಂದು ಆಮೋಸನು ಸಾರಿದನು. ಜನಾಂಗದ ಅಭಿಮಾನವನ್ನು ತನ್ನೊಳಗಿಂದಲೇ ಮುರಿಯುವ ಇಂಥ ಧ್ವನಿಯನ್ನು ಇಂಗ್ಲಿಷರ ದೇಶಗೀತೆಗಳಲ್ಲಿ ಹುಡುಕಿದರೂ ಕಾಣುವುದು ಕಷ್ಟ.

ಆ ಧ್ವನಿಯನ್ನು ಅಡಗಿಸಿದರೆ ಏನಾಗುವುದೆಂಬುದಕ್ಕೆ ಜರ್ಮನಿಯು ಸಾಕ್ಷಿ. ನಾಜಿಗಳ ಕಾಲದಲ್ಲಿ ‘ಜರ್ಮನ್ ಕ್ರೈಸ್ತ’ರೆಂಬ ಪಕ್ಷದವರು 1941ರಲ್ಲಿ ಹೊಸ ಸ್ತುತಿಗೀತೆಗಳ ಪುಸ್ತಕವೊಂದನ್ನು ಹೊರಡಿಸಿದರು. ಯೆಹೂದ್ಯರದೆಂಬ ಕಾರಣಕ್ಕೆ ‘ಹಲ್ಲೆಲೂಯಾ’, ‘ಚೀಯೋನ್’ ಮೊದಲಾದ ಶಬ್ದಗಳನ್ನು ಹಳೆಯ ಗೀತೆಗಳಿಂದ ಕಿತ್ತುಹಾಕಿದರು. ಸ್ಪ್ರಿಂಗ್ ರೈಸನ ಗೀತೆಯನ್ನು ಇದರ ಸಾಲಿನಲ್ಲಿ ನಿಲ್ಲಿಸುವುದು ಘೋರವಾದ ಅನ್ಯಾಯವಾದೀತು. ಆದರೆ ದೇಶವು ಆರಾಧನೆಯೊಳಕ್ಕೆ ಅತಿಥಿಯಾಗಿ ಬಂದು ಯಜಮಾನನಾದರೆ, ದೇವರ ಸ್ತುತಿಯನ್ನು ತಿದ್ದುವ ಲೇಖನಿಯೂ ಅದರ ಕೈಗೇ ಹೋಗುತ್ತದೆ.

ಮಡಿದವರಿಗಾಗಿ ಅಳುವುದನ್ನು ಯಾರೂ ಆಕ್ಷೇಪಿಸುವಂತಿಲ್ಲ. ಅಳುವ ರೀತಿ ಯಾವುದೆಂಬುದು ಪ್ರಶ್ನೆ. 1982ರ ಜುಲೈ 26ರಂದು ಫಾಕ್ಲೆಂಡ್ ಯುದ್ಧವು ಮುಗಿದ ಬಳಿಕ ಲಂಡನ್ನಿನ ಸಂತ ಪೌಲರ ದೇವಾಲಯದಲ್ಲಿ ಆರಾಧನೆ ನಡೆದಾಗ, ಆರ್ಚ್‌ಬಿಷಪ್ ರಾಬರ್ಟ್ ರನ್ಸಿಯವರು ಅರ್ಜೆಂಟೈನಾದಲ್ಲಿ ಮಕ್ಕಳನ್ನು ಕಳೆದುಕೊಂಡ ತಂದೆತಾಯಿಗಳನ್ನೂ ತಮ್ಮ ಉಪದೇಶದಲ್ಲಿ ನೆನೆದರು. ಸರಕಾರದ ಪಕ್ಷದವರಲ್ಲಿ ಹಲವರಿಗೆ ಅದು ರುಚಿಸಲಿಲ್ಲ. ರನ್ಸಿಯವರು ಎರಡನೆಯ ಮಹಾಯುದ್ಧದಲ್ಲಿ ಟ್ಯಾಂಕು ನಡೆಸಿ ಶೌರ್ಯಪದಕವನ್ನು ಪಡೆದವರೆಂಬುದನ್ನು ಇಲ್ಲಿ ನೆನೆಯಬೇಕು. ರಣರಂಗವನ್ನು ಕಾಣದ ಸಾಧುವಿನ ಮಾತೆಂದು ಅದನ್ನು ತಳ್ಳಿಹಾಕುವಂತಿರಲಿಲ್ಲ. ಮಾರ್ಕ್ ಟ್ವೇನನು 1905ರಲ್ಲಿ ಬರೆದು ತನ್ನ ಜೀವಮಾನದಲ್ಲಿ ಅಚ್ಚುಮಾಡಿಸಲಾಗದ ‘ಯುದ್ಧಪ್ರಾರ್ಥನೆ’ ಎಂಬ ಕಥೆಯಲ್ಲಿ, ವಿಜಯಕ್ಕಾಗಿ ಬೇಡುತ್ತಿದ್ದ ಸಭೆಗೆ ಅಪರಿಚಿತನಾದ ಮುದುಕನೊಬ್ಬನು ಬಂದು, ಅವರು ಬಾಯಿಬಿಟ್ಟು ಹೇಳದ ಉಳಿದರ್ಧ ಪ್ರಾರ್ಥನೆಯನ್ನು, ಎಂದರೆ ಶತ್ರುವಿನ ವಿಧವೆಯರನ್ನೂ ಅನಾಥರನ್ನೂ ಬೇಡಿಕೊಂಡ ಭಾಗವನ್ನು, ಎತ್ತಿ ಹೇಳುತ್ತಾನೆ. ದೇವಾಲಯದಲ್ಲಿ ಹಾಡುವ ಯಾವ ದೇಶಗೀತೆಯನ್ನಾದರೂ ಆ ಮುದುಕನ ಕಿವಿಯಿಂದ ಒಮ್ಮೆ ಕೇಳಿ ನೋಡಬಹುದು.

1914ರಲ್ಲಿ ಈ ಪರೀಕ್ಷೆ ಕನ್ನಡನಾಡಿಗೂ ಬಂದಿತ್ತು. ಮಂಗಳೂರು ಧಾರವಾಡಗಳ ಕ್ರೈಸ್ತಸಭೆಗಳಿಗೆ ಸ್ತುತಿಗೀತೆಗಳನ್ನು ಕಲಿಸಿದ ಬಾಸೆಲ್ ಮಿಶನ್ನಿನ ಜರ್ಮನ್ ಬೋಧಕರು ಯುದ್ಧವು ಹತ್ತಿದೊಡನೆ ಸರಕಾರದ ಲೆಕ್ಕದಲ್ಲಿ ಶತ್ರುಗಳಾಗಿ ಸೆರೆಯ ಪಾಲಾದರು. ಗುರುಗಳು ಒಂದು ದೇಶದವರು, ಅರಸನು ಇನ್ನೊಂದು ದೇಶದವನು, ಹಾಡುವವರು ಮೂರನೆಯ ದೇಶದವರು. ಅಲ್ಲಿ ಯಾರ ವಿಜಯಕ್ಕೆಂದು ಪ್ರಾರ್ಥಿಸಬೇಕಾಗಿತ್ತು?

ಇಷ್ಟರಿಂದ ಆರಾಧನೆಯಲ್ಲಿ ದೇಶಕ್ಕೆ ಸ್ಥಳವೇ ಇಲ್ಲವೆಂದು ಸಾಧಿಸಿದಂತಾಗಲಿಲ್ಲ. ದೇಶಕ್ಕಾಗಿ ಬೇಡುವುದು ಬೇರೆ, ದೇಶವನ್ನು ಬೇಡುವುದು ಬೇರೆ. ಮಹಾರಾಷ್ಟ್ರದ ನಾರಾಯಣ ವಾಮನ ಟಿಳಕರು (1861–1919) ಉಜ್ವಲ ದೇಶಭಕ್ತರು. ಕ್ರಿಸ್ತನನ್ನು ಅವರು ಹಾಡಿದ್ದು ತುಕಾರಾಮನ ಅಭಂಗದ ಧಾಟಿಯಲ್ಲಿ. ಅಲ್ಲಿ ದೇಶವು ಸ್ತುತಿಯ ವಸ್ತುವಾಗದೆ ಸ್ತುತಿಯ ನಾಲಗೆಯಾಗಿದೆ. ಇದು ಸ್ಪ್ರಿಂಗ್ ರೈಸನ ಪ್ರತಿಜ್ಞೆಗಿಂತ ಆಳವಾದ ದೇಶಪ್ರೇಮವೆಂದೇ ಹೇಳಬೇಕು.

ಕಾರ್ಡಿನಲ್ ನ್ಯೂಮನ್ನನ ಗೀತೆಯು ಇನ್ನೊಂದು ಬಗೆಯದು. 1833ರಲ್ಲಿ ಸಿಸಿಲಿಯಲ್ಲಿ ಕಠಿನವಾದ ಜ್ವರದಿಂದ ಎದ್ದ ತರುಣ ನ್ಯೂಮನ್ನನು, ಇಂಗ್ಲೆಂಡಿಗೆ ಮರಳುವ ತವಕದಲ್ಲಿ, ಹಡಗಿನಲ್ಲಿ ಕುಳಿತು ಅದನ್ನು ಬರೆದನು. ಮನೆಯು ದೂರವಿದೆಯೆಂಬ ಕೊರಗು ಅದರಲ್ಲಿದೆ, ಇಂಗ್ಲೆಂಡಿನ ಹೆಸರಿಲ್ಲ. ಬಿ. ಎಂ. ಶ್ರೀಕಂಠಯ್ಯನವರು ಅದನ್ನು ‘ಕರುಣಾಳು, ಬಾ ಬೆಳಕೆ’ ಎಂದು ಕನ್ನಡಕ್ಕೆ ತಂದಾಗ ತೆಗೆದುಹಾಕಬೇಕಾದ ಪರದೇಶದ ಮಾತೊಂದೂ ಅದರಲ್ಲಿ ಸಿಕ್ಕಲಿಲ್ಲ. ಕ್ರೈಸ್ತರಲ್ಲದ ಸಾವಿರಾರು ಕನ್ನಡ ಮನೆಗಳಲ್ಲಿ ದೀಪ ಹಚ್ಚುವ ಹೊತ್ತಿಗೆ ಅದನ್ನು ಹಾಡಿದ್ದಾರೆ, ಹಾಡುತ್ತಿದ್ದಾರೆ. ಆ ಮನೆ ಯಾವ ದೇಶದ್ದೆಂದು ಕೇಳಿದವರಿಲ್ಲ.