ಪ್ಯಾನಲ್‌ನ ಸೀಸ, ಗುಜರಿಯ ದಾರಿ

ಯಲಹಂಕ, ಹೆಬ್ಬಾಳ, ಆರ್.ಟಿ. ನಗರದ ತಾರಸಿಗಳಿಗೆ ನೀರು ಕಾಯಿಸುವ ಸೋಲಾರ್ ಹಳೇ ನೆಂಟ. ಕರೆಂಟ್ ಕೊಡುವ ಪ್ಯಾನಲ್‌ಗೆ ಬೇಡಿಕೆ ಏರಿದ್ದು 2024ರ ಫೆಬ್ರವರಿಯಲ್ಲಿ ಪಿಎಂ ಸೂರ್ಯಘರ್ ಯೋಜನೆ ಬಂದ ಮೇಲೆ; 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ. ಜೊತೆಗೇ ಒಂದು ಅಂಜಿಕೆಯೂ ಬಂದಿದೆ: ‘ಪ್ಯಾನಲ್ ಮೇಲೆ ಬಿದ್ದ ಮಳೆನೀರು ಸಂಪಿಗೆ ಹೋಗುತ್ತಲ್ಲ, ವಿಷ ಇಳಿಯೋಲ್ವಾ?’ ಮಳೆಕೊಯ್ಲನ್ನು ಕಡ್ಡಾಯ ಮಾಡಿರುವ ಊರಲ್ಲಿ ಇದು ಕೇಳಲೇಬೇಕಾದ ಪ್ರಶ್ನೆ.

ಒಡೆಯದ ಪ್ಯಾನಲ್‌ನಿಂದ ಇಳಿಯುವುದಿಲ್ಲ. ಅದರ ತೂಕದ ಸುಮಾರು ಮುಕ್ಕಾಲು ಪಾಲು ಬರೀ ಗಾಜು. ಸುತ್ತ ಅಲ್ಯೂಮಿನಿಯಂ ಚೌಕಟ್ಟು, ಒಳಗೆ ಸಿಲಿಕಾನ್ ಬಿಲ್ಲೆಗಳು. ಬಿಲ್ಲೆಯಿಂದ ಬಿಲ್ಲೆಗೆ ಓಡುವ ತೆಳು ತಾಮ್ರದ ಪಟ್ಟಿಗೆ ಸಾಮಾನ್ಯವಾಗಿ ತವರ-ಸೀಸದ ಬೆಸುಗೆ ಸವರಿರುತ್ತಾರೆ. ಸೀಸ ಇರುವುದು ಹೆಚ್ಚಾಗಿ ಅಲ್ಲೇ, ಇಡೀ ಪ್ಯಾನಲ್‌ಗೆ ಕೆಲವು ಗ್ರಾಂ. ಬಿಲ್ಲೆಗಳ ಮೇಲೂ ಕೆಳಗೂ ಪ್ಲಾಸ್ಟಿಕ್ ಪದರ ಕರಗಿಸಿ ಅಂಟಿಸಿರುವುದರಿಂದ ಅದು ಮಳೆಗೆ ಸಿಗುವುದಿಲ್ಲ. ಕ್ಯಾಡ್ಮಿಯಂ ಇರುವುದು ಬೇರೆ ಜಾತಿಯ ಪ್ಯಾನಲ್‌ನಲ್ಲಿ. ನಮ್ಮ ಮನೆಗಳ ಮೇಲೆ ಕೂರುವುದು ಹೆಚ್ಚಾಗಿ ಸಿಲಿಕಾನೇ. ಸಂಪಿನ ಚಿಂತೆಯಿದ್ದರೆ ಮೊದಲ ಮಳೆಯ ನೀರನ್ನು ಹೊರಗೆ ಬಿಡಿ. ಪಾರಿವಾಳದ ಹಿಕ್ಕೆ, ಬಳ್ಳಾರಿ ರಸ್ತೆಯ ಧೂಳು ಇಳಿಯುವುದಂತೂ ನಿಜ.

ತಮಾಷೆಯೆಂದರೆ, ಪ್ಯಾನಲ್‌ಗೆ ಹೆದರುವ ಮನೆಯಲ್ಲೇ ಮೆಟ್ಟಿಲ ಕೆಳಗೆ ಯುಪಿಎಸ್ ಬ್ಯಾಟರಿ ಇರುತ್ತದೆ. ಅದರ ತೂಕದ ಅರ್ಧಕ್ಕೂ ಹೆಚ್ಚು ಸೀಸ ಮತ್ತು ಸೀಸದ ಸಂಯುಕ್ತಗಳು. ಅದಕ್ಕೆ ಯಾರೂ ಹೆದರಿದ್ದು ಕಾಣೆ.

ಇಷ್ಟು ಹೇಳಿ ಪ್ಯಾನಲ್‌ಗೆ ಪೂರ್ತಿ ಕ್ಲೀನ್ ಚಿಟ್ ಕೊಡಲಾರೆ. ತೊಂದರೆ ಇರುವುದು ಕೊನೆಗಾಲದಲ್ಲಿ. ಸುಮಾರು 25 ವರ್ಷ ದುಡಿದದ್ದೋ ಕೋತಿ ಕುಣಿದು ಒಡೆದದ್ದೋ ಗುಜರಿಗೆ ಹೋದರೆ ಅಲ್ಲಿ ಬೆಲೆ ಇರುವುದು ಚೌಕಟ್ಟಿಗೆ, ವೈರ್‌ಗೆ. ಉಳಿದ ಗಾಜು-ಸಿಲಿಕಾನ್ ಚೂರು ಖಾಲಿ ಸೈಟಿನ ಪಾಲು. ಪುಡಿಯಾಗಿ ಕಸದ ಹುಳಿನೀರಲ್ಲಿ ನೆನೆದರೆ ಆಗ ಸೀಸ ಬಿಡಬಲ್ಲದು. ತಾಮ್ರಕ್ಕಾಗಿ ಸುಟ್ಟರೆ ಹಿಂಬದಿಯ ಹಾಳೆಯಿಂದ ಕೆಟ್ಟ ಹೊಗೆ.

2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳು ಸೋಲಾರ್ ಪ್ಯಾನಲ್‌ಗಳನ್ನೂ ಒಳಗೊಂಡಿವೆ. ಒಳ್ಳೆಯದೇ. ಆದರೆ 2034-35ರವರೆಗಿನ ತ್ಯಾಜ್ಯವನ್ನು ತಯಾರಕರು ಶೇಖರಿಸಿಡಬೇಕು ಎನ್ನುವ ನಿಯಮ ನನಗೆ ಅರೆಮನಸ್ಸಿನದಾಗಿ ಕಾಣುತ್ತದೆ. ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ ಹರಡಿದ 2,050 ಮೆಗಾವ್ಯಾಟ್ ಪಾರ್ಕಿನಲ್ಲಿ ಲೆಕ್ಕ ಇಡುವವರು ಇದ್ದಾರೆ. ಯಲಹಂಕ ನ್ಯೂಟೌನ್‌ನ ತಾರಸಿಯಲ್ಲಿ ಆರು ಪ್ಯಾನಲ್ ಇಟ್ಟವರ ಲೆಕ್ಕ ಯಾರದು?

ಹಾಗಾಗಿ, ಮುಂಗಡ ಕೊಡುವ ಮೊದಲೇ ಕೇಳಿ: ಕೆಟ್ಟ ಪ್ಯಾನಲ್ ವಾಪಸ್ ಒಯ್ಯುವವರು ಯಾರು, ಖರ್ಚು ಯಾರದು? ಬಾಯಿಮಾತಿಗೆ ಒಪ್ಪಬೇಡಿ, ಕೊಟೇಶನ್‌ನಲ್ಲೇ ಬರೆಸಿಕೊಳ್ಳಿ.